ಜೂನ್ ಹದಿನೆಂಟರ ಬಿಸಿಲು

ಮೇ 30

ಪ್ರೀತಿಯ ಅಕ್ಕ,

ಪ್ಲಾಸ್ಟರ್ ಬಿಚ್ಚಿದರು. ಮೊನ್ನೆ ಬುಧವಾರ, ಬೆಳಗ್ಗೆ ಹನ್ನೊಂದಕ್ಕೆ. ಡಾಕ್ಟರ ಕೈಯಲ್ಲಿದ್ದ ಗರಗಸ ನೋಡಿ ನನಗೆ ನಗು ತಡೆಯಲಾಗಲಿಲ್ಲ, ನಾನು ಟೈಲ್ಸ್ ಕೊಯ್ಯುವುದೂ ಹೆಚ್ಚುಕಡಿಮೆ ಅಂಥದ್ದರಲ್ಲೇ. "ಸಾರ್, ಸ್ವಲ್ಪ ನೀರು ಹಾಕ್ಕೊಂಡು ಕೊಯ್ಯಿರಿ, ಧೂಳು ಏಳಲ್ಲ" ಅಂದೆ. ಅವರು ನಗಲಿಲ್ಲ.

ಒಳಗಿಂದ ಹೊರಬಂದ ಕಾಲು ನನ್ನದೇ ಎಂದು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಪೊರಕೆ ಕಡ್ಡಿಯಂತಾಗಿದೆ. ಮಂಡಿ ಮಡಚುವುದು ಮೂವತ್ತೈದು ಡಿಗ್ರಿ, ಅಷ್ಟೇ. ಫಿಸಿಯೋ ಮೇಡಂ ಕೋನಮಾಪಕ ಇಟ್ಟು ಅಳೆದು ಹೇಳಿದರು: "ಹನ್ನೆರಡು ವಾರ ಇದೆ ನಿಮಗೆ. ಆಗಸ್ಟ್ ಇಪ್ಪತ್ತರೊಳಗೆ ತೊಂಬತ್ತು ಬರ್ಬೇಕು. ಆಮೇಲೆ ಒಳಗೆ ಎಲ್ಲಾ ಗಟ್ಟಿಯಾಗಿಬಿಡುತ್ತೆ, ಎಳೆದ್ರೂ ಬರಲ್ಲ." ಸಿಮೆಂಟ್ ಥರಾನಾ ಅಂತ ಕೇಳಿದೆ. ಸಿಮೆಂಟ್ ಥರಾನೇ ಅಂದರು. ನಿನಗೆ ಬಿಡಿಸಿ ಹೇಳಬೇಕಿಲ್ಲ. ಹದಿನೆಂಟು ವರ್ಷದಿಂದ ಮಂಡಿಯೂರಿಯೇ ಅನ್ನ ತಿಂದವನು ನಾನು. ನಿಂತುಕೊಂಡು ನೆಲ ಹಾಕಿದವರನ್ನು ನಾನಂತೂ ನೋಡಿಲ್ಲ.

ವ್ಯಾಯಾಮ ದಿನಕ್ಕೆ ಮೂರು ಸಲ. ನೋವು ಹೇಗಿರುತ್ತದೆ ಎಂದು ಬರೆಯುವುದಿಲ್ಲ. ಬರೆದರೆ ನೀನು ದೋಣಿಗೂ ಕಾಯದೆ ಈಜಿಕೊಂಡು ಬಂದುಬಿಡುತ್ತೀಯ.

ಉದ್ದಣ್ಣ ಬಂದಿದ್ದ. ನನ್ನ ಜೋಡಿ ಕೆಲಸದವನು, ನಾನು ಮೆಟ್ಟಿಲಿಂದ ಉರುಳಿದಾಗ ಟೈಲ್ಸ್ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದಿದ್ದವನು. ತನ್ನ ಕೈ ಜಾರಿದ್ದಕ್ಕೇ ಹೀಗಾಯಿತೆಂದು ಅವನಿಗೆ ಇನ್ನೂ ಕೊರಗು. ನನ್ನ ಹೊತ್ತು ಹೋಗಲಿ ಎಂದು ಒಂದು ಕನ್ನಡಕ ತಂದುಕೊಟ್ಟಿದ್ದಾನೆ. ಕನ್ನಡಕ ಅಂದರೆ ಮುಖಕ್ಕೆ ಕಟ್ಟಿಕೊಳ್ಳುವ ದಪ್ಪ ಡಬ್ಬಿ. ಹಾಕಿಕೊಂಡರೆ ಸುತ್ತಲೂ ಕಾಡು, ಬೆಟ್ಟ, ಸಮುದ್ರ ಕಾಣುತ್ತವಂತೆ, ಕುರ್ಚಿಯಲ್ಲಿ ಕೂತೇ ಅಲ್ಲೆಲ್ಲ ಓಡಾಡಬಹುದಂತೆ. ಇನ್ನೂ ಬಿಚ್ಚಿ ನೋಡಿಲ್ಲ.

ನಿನ್ನ ದ್ವೀಪ ಹೇಗಿದೆ? ಒಬ್ಬಳೇ ಇಲ್ಲ ತಾನೇ?

ನಿನ್ನ ಚೂಟಿ
(ಈ ಹೆಸರು ಬರೆಯುವಾಗ ಈಗ ನನಗೇ ನಗು)


ಜೂನ್ 7

ಚೂಟಿ,

ದೋಣಿ ಈಗಷ್ಟೇ ಬಂತು, ಎರಡು ಗಂಟೆ ನಿಲ್ಲುತ್ತದೆ, ಅಷ್ಟರಲ್ಲಿ ಬರೆದು ಮುಗಿಸಬೇಕು. ವಾರಕ್ಕೆ ಒಂದು ಶನಿವಾರ, ಒಂದು ದೋಣಿ, ಒಬ್ಬ ದೋಣಿಯವರು. ಫೋನು ಇಲ್ಲಿಗೆ ಸಿಗುವುದಿಲ್ಲ. ವೈರ್‌ಲೆಸ್ ಇದೆ, ಅದರಲ್ಲಿ ಗಾಳಿ ಮಳೆ ಬಿಟ್ಟು ಬೇರೆ ಮಾತಾಡಿದರೆ ಮೇಲಿನವರು ಗದರುತ್ತಾರೆ.

ಮೂವತ್ತೈದು ಎಂದು ಮುಖ ಸಣ್ಣ ಮಾಡಬೇಡ. ದಿನಕ್ಕೆ ಮೂರು ಹೊತ್ತು ಅಂಕಿ ಬರೆಯುವ ಹವಾಮಾನದವಳು ಹೇಳುತ್ತಿದ್ದೇನೆ ಕೇಳು: ಒಂದು ದಿನದ ಅಂಕಿಗೆ ಅರ್ಥವಿಲ್ಲ, ಮುಂದಿನ ದಿನದ್ದು ಏರಿತೋ ಇಳಿಯಿತೋ ಎಂದು ನೋಡಬೇಕು. ಪ್ರತಿ ಕಾಗದದಲ್ಲೂ ಡಿಗ್ರಿ ಬರೆ. ಇಲ್ಲಿ ಗೋಡೆಯ ಮೇಲೆ ನಿನ್ನ ಮಂಡಿಗೆಂದೇ ಒಂದು ನಕ್ಷೆ ಹಾಕುತ್ತೇನೆ, ವಾಯುಭಾರದ ನಕ್ಷೆಯ ಪಕ್ಕದಲ್ಲೇ.

ಒಬ್ಬಳೇ ಇಲ್ಲ ಮಾರಾಯ. ಮಾರ್ಚಿನಿಂದ ಜೊತೆಗೆ ಹರಟೆಮಲ್ಲಿ ಇದ್ದಾಳೆ. ಹೆಸರು ನಾನಿಟ್ಟಿದ್ದು. ಬೆಳಗ್ಗೆ "ಅಕ್ಕಾ, ಎದ್ಯಾ?" ಎಂದು ಶುರು ಮಾಡುತ್ತಾಳೆ, ಮಧ್ಯಾಹ್ನ ಒಂದಕ್ಕೆ ಸರಿಯಾಗಿ "ಊಟ ಆಯ್ತಾ?" ಒಂದು ದಿನ ಮೂರು ಸಲ ಕೇಳಿದಳು, ನಾನೂ ಮೂರು ಸಲ ಆಯ್ತು ಅಂದೆ. ನಿನ್ನ ಭಾವ ಹೋದ ಮೇಲೆ ಹಾಗೆ ಕೇಳುವವರೇ ಇರಲಿಲ್ಲ. ಅವಳಿದ್ದಾಳೆಂದೇ ಇಲ್ಲಿನ ಅವಧಿಯನ್ನು ಇನ್ನೂ ಆರು ತಿಂಗಳು ಮುಂದುವರಿಸಿ ಎಂದು ಬರೆದುಕೊಟ್ಟೆ. ಇದು ಮೂರನೇ ಸಲ, ಬೈಯಬೇಡ.

ಇಲ್ಲಿ ದೋಣಿಕಟ್ಟೆಯಿಂದ ಮನೆಗೆ ನೂರ ನಲವತ್ತೆರಡು ಕಲ್ಲು ಮೆಟ್ಟಿಲು. ನೀನು ತೊಂಬತ್ತು ಮುಟ್ಟಿದ ದಿನ ಬಂದು ಹತ್ತಬೇಕು. ಬಂದರೆ ಒಂದು ಕೆಲಸವೂ ಕಾದಿದೆ: ಅಡುಗೆಮನೆಯಲ್ಲಿ ಒಲೆಯ ಮುಂದಿನ ಟೈಲ್ಸ್ ಮೆಟ್ಟಿದರೆ ಪಚಕ್ ಅನ್ನುತ್ತದೆ, ಸಂದಿಯಿಂದ ನೀರು ಚಿಮ್ಮುತ್ತದೆ.

ಅಕ್ಕ


ಜೂನ್ 19

ಅಕ್ಕಾ, ಕೂತುಕೊಂಡು ಓದು.

ನಾನು ಓಡಿದೆ. ನಿನ್ನೆ, ಹದಿನೆಂಟನೇ ತಾರೀಖು, ಬೆಳಗ್ಗೆ ಹತ್ತು ಗಂಟೆಗೆ, ಕೆರೆಯ ಸುತ್ತ ಮೂರು ಸುತ್ತು. ಮೊದಲ ಸುತ್ತು ಹೆದರಿಕೊಂಡೇ ಹೊರಟೆ, ಎರಡನೆಯದರಲ್ಲಿ ಹೆದರಿಕೆ ಎಲ್ಲಿ ಬಿದ್ದುಹೋಯಿತೋ ಗೊತ್ತಿಲ್ಲ, ಮೂರನೆಯದರಲ್ಲಿ ನನ್ನನ್ನು ಹಿಡಿಯುವವರೇ ಇರಲಿಲ್ಲ. ಎಂಥ ಬಿಸಿಲು ಅಂತೀಯ, ನೀರಿನ ಮೇಲೆ ಕಣ್ಣಿಡಲಾಗದು. ಬಾತುಕೋಳಿಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಒಂದು ಚೂರೂ ನೋವಿಲ್ಲ. ನಾಲ್ಕು ತಿಂಗಳಲ್ಲಿ ಮೊದಲ ಸಲ ಮೈಯೆಲ್ಲ ನನ್ನದು ಅನ್ನಿಸಿತು. ಜೋರಾಗಿ ನಕ್ಕೆ, ಕೆಳಗಿನ ಮನೆಯವರು ಬಾಗಿಲು ಬಡಿದು ಏನಾಯ್ತು ಎಂದು ಕೇಳುವಷ್ಟು.

ಇವತ್ತು ಬೆಳಗ್ಗೆ ಇನ್ನೊಮ್ಮೆ ಓಡಿದೆ. ನಾಳೆ ಬೆಟ್ಟ ಹತ್ತಬೇಕೆಂದಿದ್ದೇನೆ. ಕಾಗದ ಬರೆಯುವಾಗಲೂ ಕಾಲು ಕುಣಿಯುತ್ತಿದೆ.

ನಿನ್ನ ಟೈಲ್ಸ್ ವಿಷಯ. ಬೆರಳಿನ ಗೆಣ್ಣಿನಿಂದ ಒಂದೊಂದನ್ನೂ ಬಡಿದು ನೋಡು, ಮಡಕೆಯ ಹಾಗೆ ಸದ್ದು ಬಂದರೆ ಅಡಿಯಲ್ಲಿ ಟೊಳ್ಳು. ಮತ್ತೆ, ನೆಲದ ಹೊಳಪು ಎಲ್ಲೆಲ್ಲಿ ಸವೆದಿದೆ ಎಂದು ಸರಿಯಾಗಿ ನೋಡಿ ಬರೆ. ಹೆಚ್ಚು ತುಳಿಯುವ ಜಾಗ ಯಾವುದೆಂದು ಗೊತ್ತಾದರೆ ಅರ್ಧ ಕೆಲಸ ಇಲ್ಲಿಂದಲೇ ಆಯಿತು. ಹರಟೆಮಲ್ಲಿಗೆ ನನ್ನ ನಮಸ್ಕಾರ ಹೇಳು.

ಚೂಟಿ (ಈಗ ನಗು ಬರುತ್ತಿಲ್ಲ)


ಜೂನ್ 21

ನನ್ನ ಚಿನ್ನ,

ದೋಣಿಕಟ್ಟೆಯಲ್ಲೇ ನಿಂತು ಓದಿದೆ. ನಾನು ಕಿರುಚಿದ ರಭಸಕ್ಕೆ ದೋಣಿಯವರು ಹಿಡಿದಿದ್ದ ಸೀಮೆಎಣ್ಣೆ ಡಬ್ಬ ಕೆಳಗಿಟ್ಟು ಓಡಿಬಂದರು. "ನನ್ನ ತಮ್ಮ ಓಡಿದ್ನಂತೆ ಕಣ್ರೀ" ಅಂದೆ. "ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?" ಅಂದರು ಪುಣ್ಯಾತ್ಮ. ಅವರನ್ನೇ ಹಿಡಿದು ಒಂದು ಸುತ್ತು ತಿರುಗಿಸಿದೆ.

ಮೇಲೆ ಬಂದು ಹರಟೆಮಲ್ಲಿಗೂ ಹೇಳಿದೆ. ಅವಳ ಉತ್ತರ ಮಾಮೂಲಿ, ಬಿಡು. ಆದರೆ ಚೂಟಿ, ಮೂರು ವಾರಕ್ಕೇ ಓಟವೇ? ಮೇಡಂ ಏನೆಂದರು? ನಕ್ಷೆಗೆ ಅಂಕಿ ಬೇಕು, ಬಾತುಕೋಳಿ ಬೇಡ. ಓಡುವವನ ಮಂಡಿ ಎಷ್ಟು ಮಡಚುತ್ತದೆ? ಅರವತ್ತೇ, ಎಪ್ಪತ್ತೇ? ಎಪ್ಪತ್ತು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ಇಟ್ಟಿದ್ದೇನೆ, ನೀನು ಬರೆದ ಮೇಲೆ ಶಾಯಿಯಲ್ಲಿ ತಿದ್ದುತ್ತೇನೆ.

ನೆಲ ನೋಡಿದೆ. ಟೊಳ್ಳು ಸದ್ದು ಆರರಲ್ಲಿ. ಹೊಳಪು ಹೋಗಿರುವುದು ಬಾಗಿಲಿಂದ ಒಲೆಗೆ, ಒಲೆಯಿಂದ ಮೇಜಿನ ಕಿಟಕಿ ಕಡೆಯ ಕುರ್ಚಿಗೆ. ಒಂದು ಪಾದದಗಲ ಪಟ್ಟಿ, ಅಷ್ಟೇ. ಉಳಿದ ಮೂರು ಕುರ್ಚಿಗಳ ಕೆಳಗೆ ಇನ್ನೂ ಹೊಸದರ ಹಾಗೆ ಮಿನುಗುತ್ತಿದೆ.

ಅಕ್ಕ


ಜೂನ್ 30

ಅಕ್ಕಾ,

ಬೆಟ್ಟ ಹತ್ತಿದೆ. ಒಂದಲ್ಲ, ಮೂರು. ಎರಡನೆಯದರ ತುದಿಯಲ್ಲಿ ಮೋಡ ನನ್ನ ಮೊಣಕಾಲ ಕೆಳಗಿತ್ತು. ಶನಿವಾರ ಸಮುದ್ರದಲ್ಲಿ ಈಜಿದೆ, ಮೀನಿನ ಹಿಂಡಿನ ನಡುವೆ. ನಿನ್ನೆ ಒಂದು ದೊಡ್ಡ ಸಭಾಂಗಣದಲ್ಲಿ ಕುಣಿದೆ, ನಾನು, ಕಾಲಿನ ತಾಳ ಗೊತ್ತಿಲ್ಲದವನು. ಊಟ ಮರೆತುಹೋಗುತ್ತದೆ. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಇವತ್ತು ಎಲ್ಲಿಗೆ ಎಂಬ ಸಡಗರ. ಬಿದ್ದದ್ದೇ ಒಳ್ಳೆಯದಾಯಿತೇನೋ ಅನ್ನಿಸುವಷ್ಟು ಖುಷಿಯಾಗಿದ್ದೇನೆ, ಆಣೆ ಇಟ್ಟು ಹೇಳುತ್ತೇನೆ.

ಫಿಸಿಯೋ ಮೇಡಂ ಕಡೆಗೆ ಹೋಗುವುದನ್ನು ಸ್ವಲ್ಪ ಕಡಿಮೆ ಮಾಡಿದ್ದೇನೆ. ಅಲ್ಲಿ ಬರೀ ನರಳಾಟ. ನೀನೂ ಡಿಗ್ರಿ ಡಿಗ್ರಿ ಎಂದು ಜೀವ ತಿನ್ನಬೇಡ, ಮನುಷ್ಯನ ಸಂತೋಷಕ್ಕೆ ಕೋನಮಾಪಕ ಇಟ್ಟವರುಂಟೇ?

ಈಗ ನನ್ನ ಸರದಿ. ನೀನು ಬರೆದ ಸವಕಲು ಪಟ್ಟಿಯನ್ನು ಕಾಗದದ ಮೇಲೆ ಗೆರೆ ಎಳೆದು ನೋಡಿದೆ. ಬಾಗಿಲು, ಒಲೆ, ಒಂದು ಕುರ್ಚಿ. ಇಷ್ಟು ವರ್ಷ ಜನರ ನೆಲ ನೋಡಿದ್ದೇನೆ ಅಕ್ಕ, ಯಾವ ಮನೆಯಲ್ಲಿ ಎಷ್ಟು ಜನ ಎಂದು ಸವೆದ ಜಾಗ ನೋಡಿ ಹೇಳಬಲ್ಲೆ. ಇಬ್ಬರಿರುವ ಅಡುಗೆಮನೆಯಲ್ಲಿ ಎರಡು ಕುರ್ಚಿ ಸವೆಯಬೇಕು. ಹರಟೆಮಲ್ಲಿ ಏನು ಗಾಳಿಯಲ್ಲಿ ತೇಲುತ್ತಾಳಾ?

ಚೂಟಿ


ಜುಲೈ 5

ಚೂಟಿ,

ಪ್ರತಿ ತಿಂಗಳ ಕೊನೆಗೆ ಎಲ್ಲ ಕೇಂದ್ರಗಳ ಮಳೆಯ ಲೆಕ್ಕ ವೈರ್‌ಲೆಸ್‌ನಲ್ಲಿ ಬರುತ್ತದೆ. ನಾನು ಅದನ್ನು ದೊಡ್ಡ ಪುಸ್ತಕಕ್ಕೆ ಇಳಿಸಿಕೊಳ್ಳುತ್ತೇನೆ. ಮೊನ್ನೆ ನಿಮ್ಮ ಊರಿನ ಸಾಲು ಬರೆಯುತ್ತಿದ್ದೆ.

ಜೂನ್ 18. ಮುಂಜಾನೆ ಐದೂವರೆಯಿಂದ ಸಂಜೆ ಏಳರವರೆಗೆ ಎಡೆಬಿಡದ ಮಳೆ. ತೊಂಬತ್ತನಾಲ್ಕು ಮಿಲಿಮೀಟರ್. ಕೆರೆ ತುಂಬಿ ಸುತ್ತಲ ದಾರಿ ಮುಚ್ಚಲಾಗಿದೆ ಎಂದು ಟಿಪ್ಪಣಿ.

ನಾನು ಎರಡು ಸಲ ಕೇಳಿಸಿಕೊಂಡೆ. ತಪ್ಪಾಗಿ ಓದಿದರೇನೋ ಎಂದು ಮತ್ತೆ ಕರೆದು ಕೇಳಿದೆ, ಗದರಿಸಿಕೊಂಡೆ. ಆಮೇಲೆ ನಿನ್ನ ಮೊದಲನೇ ಕಾಗದ ತೆಗೆದು ಉದ್ದಣ್ಣನ ಕನ್ನಡಕದ ಸಾಲು ಓದಿದೆ. ಎಪ್ಪತ್ತರ ಪೆನ್ಸಿಲ್ ಗುರುತು ಅಳಿಸಿದ್ದೇನೆ.

ಬೈಯುವ ಮುಖ ನನಗಿಲ್ಲ. ಹರಟೆಮಲ್ಲಿಯ ಕುರ್ಚಿ ಸವೆಯುವುದಿಲ್ಲ, ಏಕೆಂದರೆ ಅವಳು ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಯಂತ್ರ. ಗಾಳಿಯ ವೇಗ ಅಳೆದು ಬಾಯಿಬಿಟ್ಟು ಹೇಳುವ ಪೆಟ್ಟಿಗೆ. ಕೂರಿಸಲು ಬಂದ ಎಂಜಿನಿಯರು, "ಬೇರೆ ವಾಕ್ಯ ಏನಾದ್ರೂ ಸೇರಿಸ್ಬೇಕಾ ಮೇಡಂ?" ಎಂದು ಸುಮ್ಮನೆ ಕೇಳಿದ. ನಾನು ಸುಮ್ಮನೆ ಊಟ ಆಯ್ತಾ ಎಂದು ಸೇರಿಸಿದೆ. ಮೂರು ಸಲ ಕೇಳಿದ್ದು ಅವಳ ಗಡಿಯಾರ ಕೆಟ್ಟ ದಿನ.

ನಿನಗೆ ಆರೂವರೆ ವಾರ ಉಳಿದಿದೆ. ಅಂಕಿ ಎಷ್ಟು?

ಅಕ್ಕ


ಜುಲೈ 24

ಅಕ್ಕ,

ಎರಡು ದೋಣಿ ಖಾಲಿ ಕಳಿಸಿದೆ, ಗೊತ್ತು. ನಿನ್ನ ಕಾಗದ ಬಂದಾಗ ನನ್ನ ಅಂಕಿ ನಲವತ್ತನಾಲ್ಕು. ಎಷ್ಟು ನಾಚಿಕೆಯಾಯಿತೆಂದರೆ, ಓದಿ ಮಡಚಿಟ್ಟು ಮತ್ತೆ ಕನ್ನಡಕವನ್ನೇ ಹಾಕಿಕೊಂಡೆ. ನಾಲ್ಕು ದಿನ. ಉಚ್ಚೆಗೆ ಏಳುವುದು ಬಿಟ್ಟರೆ ಕುರ್ಚಿ ಬಿಡಲಿಲ್ಲ. ನಮ್ಮ ಊರಿನ ಕೆರೆ ಎಂದು ನಾನು ಬರೆದಿರಲಿಲ್ಲ, ಬರೀ ಕೆರೆ ಎಂದಿದ್ದೆ. ನೀನು ನಮ್ಮದೆಂದುಕೊಳ್ಳಲಿ ಎಂದೇ ಹಾಗೆ ಬರೆದಿದ್ದೆ. ಅದನ್ನು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಆದರೆ ಮುಂದೆ ನಡೆದದ್ದು ಕೇಳು. ಹದಿನೈದನೇ ತಾರೀಖು ಅದರೊಳಗೆ ಒಂದು ಅರಮನೆ ಸಿಕ್ಕಿತು. ಬಾಗಿಲು ತಳ್ಳಿ ಒಳಗೆ ಹೋದರೆ ನೆಲ ಅಂದರೆ ನೆಲ, ಬಿಳಿ ಕಲ್ಲು, ಎರಡಡಿಗೆ ಎರಡಡಿ, ಕೂದಲೆಳೆ ಸಂದು. ಖುಷಿಯಿಂದ ಹುಚ್ಚು ಹಿಡಿದಂತಾಯಿತು. ಇಂಥ ನೆಲ ಹಾಕಿದ ಮಹಾರಾಯ ಯಾರು, ಮೂಲೆ ಹೇಗೆ ಮುಗಿಸಿದ್ದಾನೆ ನೋಡೋಣ ಎಂದು ಗೋಡೆಗೆ ಹೋದೆ. ಅಲ್ಲಿ ಇಡೀ ಕಲ್ಲು. ಎದುರು ಗೋಡೆಗೆ ಹೋದೆ, ಇಡೀ ಕಲ್ಲು. ಕಂಬದ ಬುಡದಲ್ಲೂ ಇಡೀ ಕಲ್ಲು. ಹನ್ನೆರಡು ಕೋಣೆ ಹುಡುಕಿದೆ ಅಕ್ಕ, ಎಲ್ಲೂ ಒಂದೇ ಒಂದು ಕೊಯ್ದ ತುಂಡು ಇಲ್ಲ.

ನಿನಗೆ ಇದು ಏನು ಮಹಾ ಅನ್ನಿಸಬಹುದು. ಟೈಲ್ಸಿಗೆ ಸರಿಯಾಗಿ ಮುಗಿಯುವ ಕೋಣೆಯನ್ನು ಯಾರೂ ಕಟ್ಟಿಲ್ಲ. ಪ್ರತಿ ಗೋಡೆ ಒಂದಿಷ್ಟು ವಾರೆ, ಪ್ರತಿ ಮೂಲೆ ಒಂದಿಷ್ಟು ಮೋಸ. ನಡುವಿನದನ್ನು ಯಾರು ಬೇಕಾದರೂ ಕೂರಿಸುತ್ತಾರೆ. ಆ ಅಂಚಿನ ತುಂಡುಗಳನ್ನು ಅಳೆದು, ಕೊಯ್ದು, ಉಜ್ಜಿ ಕೂರಿಸುವುದಕ್ಕೇ ನನ್ನನ್ನು ಕರೆಯುವುದು. ಆ ಅರಮನೆಯಲ್ಲಿ ನನಗೆ ಮಾಡಲು ಏನೂ ಇರಲಿಲ್ಲ. ಆದರೂ ನಂಬಿಕೆ ಬರದೆ, ಸಂದಿಗೆ ಕಣ್ಣಿಟ್ಟು ನೋಡೋಣ ಎಂದು, ಮಂಡಿಯೂರಿದೆ.

ಕುರ್ಚಿಯಲ್ಲಿದ್ದೇನೆಂಬುದೇ ಮರೆತಿತ್ತು. ಇಷ್ಟು ವರ್ಷದ ಅಭ್ಯಾಸ, ಸಂದು ಕಂಡರೆ ಮೈ ತಾನಾಗಿ ಬಾಗುತ್ತದೆ. ನಿಜವಾದ ನೆಲಕ್ಕೆ ನಿಜವಾದ ಮಂಡಿ ಬಡಿಯಿತು. ಜೀವ ಬಾಯಿಗೆ ಬಂತು. ಒಳಗೇನೋ ಪರ್ ಎಂದು ಹರಿದ ಸದ್ದು. ಕನ್ನಡಕ ಹಾರಿ ಮಂಚದಡಿ ಹೋಯಿತು, ನಾನು ಅಳುತ್ತಾ ಬಿದ್ದಿದ್ದೆ, ಮೂಗಿನ ಮುಂದೆ ನನ್ನದೇ ಕೋಣೆಯ ನೆಲ, ಗೋಡೆಯ ಬುಡದಲ್ಲಿ ನಾನೇ ಕೊಯ್ದು ಕೂರಿಸಿದ ಸೊಟ್ಟ ತುಂಡು.

ಉದ್ದಣ್ಣ ಹೊತ್ತುಕೊಂಡು ಹೋದ. ಮೇಡಂ ಮುಖ ನೋಡಬೇಕಿತ್ತು. "ಇಷ್ಟು ದಿನ ಎಲ್ಲಿ ಸತ್ತಿದ್ರಿ? ಇನ್ನೊಂದ್ಸಲ ಹೀಗೆ ಮಾಡಿದ್ರೆ ಇನ್ನೊಂದ್ ಕಾಲೂ ನಾನೇ ಮುರೀತೀನಿ" ಅಂದರು. ಬೈಯುತ್ತಲೇ ಅಳೆದರು. ಐವತ್ತೆಂಟು. ಅಂಟಿಕೊಂಡಿದ್ದದ್ದು ಬಿಟ್ಟುಕೊಂಡಿದೆಯಂತೆ. ಪುಣ್ಯಕ್ಕೆ ಮೂಳೆಗೆ ಏನೂ ಆಗಿಲ್ಲವಂತೆ.

ಇವತ್ತು ಅರವತ್ತಾರು. ಶಾಯಿಯಲ್ಲಿ ಬರೆ. ನೋವಿನ ವಿಷಯವೂ ಬರೆಯುತ್ತೇನೆ ಇನ್ನು ಮೇಲೆ: ಇವತ್ತು ಮೇಡಂ ಮೇಜಿನ ಅಂಚನ್ನು ಕಚ್ಚಿದೆ, ಹಲ್ಲಿನ ಗುರುತು ಬಿದ್ದಿದೆ.

ಒಂದು ಕುರ್ಚಿ ಸವೆದ ಅಡುಗೆಮನೆ ದಿನಾ ಕಣ್ಣ ಮುಂದೆ ಬರುತ್ತದೆ. ಆ ಪೆಟ್ಟಿಗೆಗೆ ನನ್ನ ನಮಸ್ಕಾರ ಕಳಿಸಿದ್ದೆನಲ್ಲ, ವಾಪಸು ಕೊಡಿಸು.

ಚೂಟಿ


ಜುಲೈ 26

ಚೂಟಿ,

ಅರವತ್ತಾರು. ಶಾಯಿಯಲ್ಲಿ, ಕೆಂಪು ಶಾಯಿಯಲ್ಲಿ. ಬರೆದು ಪಕ್ಕಕ್ಕೆ ನಿಂತು ನೋಡಿದೆ, ಮತ್ತೆ ಹತ್ತಿರ ಹೋಗಿ ನೋಡಿದೆ. ಎರಡು ವಾರ ನಿದ್ದೆಯಿಲ್ಲ ನನಗೆ, ನೀನು ಬದುಕಿದ್ದೀಯೋ ಇಲ್ಲವೋ ಎಂದು. ಕಾಗದ ನೋಡಿ ಮೊದಲು ಅತ್ತೆ, ಆಮೇಲೆ ಬಿದ್ದು ಬಿದ್ದು ನಕ್ಕೆ. ಸಂದು ನೋಡಲು ಮಂಡಿಯೂರಿದನಂತೆ, ಎಂಥ ದಡ್ಡ.

ಹರಟೆಮಲ್ಲಿಯಿಂದ ನಾನು ಸೇರಿಸಿದ್ದ ವಾಕ್ಯಗಳನ್ನೆಲ್ಲ ಅಳಿಸಿದೆ. ಅವಳಿಗೆ ಹೇಳಿಯೇ ಗುಂಡಿ ಒತ್ತಿದೆ, ನಗಬೇಡ. ಈಗ ಗಾಳಿ ಎಷ್ಟೆಂದು ಮಾತ್ರ ಹೇಳುತ್ತಾಳೆ. ಮೊದಲ ದಿನ ಒಂದು ಗಂಟೆಗೆ ಸುಮ್ಮನಿದ್ದಳು, ನಾನೇ ಖಾಲಿ ಅಡುಗೆಮನೆಯಲ್ಲಿ "ಆಯ್ತು" ಅಂದೆ. ನಿನ್ನ ಭಾವನ ಹೆಸರು ಎರಡು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಕರೆದೆ. ಎದೆ ಹಗುರವೂ ಆಗಲಿಲ್ಲ, ಒಡೆದೂ ಹೋಗಲಿಲ್ಲ. ಅನ್ನಕ್ಕೆ ಇಟ್ಟೆ. ಡಿಸೆಂಬರಿಗೆ ಊರಿಗೆ ಬರುತ್ತೇನೆ ಎಂದು ಮೇಲಿನವರಿಗೆ ಅರ್ಜಿ ಬರೆದಿದ್ದೇನೆ. ಕಳಿಸಿಲ್ಲ, ಸಕ್ಕರೆ ಡಬ್ಬದ ಕೆಳಗಿದೆ.

ಮತ್ತೊಂದು ಮಹತ್ಕಾರ್ಯ ಮಾಡಿದೆ. ಪಚಕ್ ಎನ್ನುವ ಟೈಲ್ಸನ್ನು ಉಳಿ ಹಾಕಿ ಎಬ್ಬಿಸಿದೆ. ಅಡಿಯಲ್ಲಿ ನಾಲ್ಕು ಮೂಲೆಗೆ ನಾಲ್ಕು ಸಿಮೆಂಟ್ ಉಂಡೆ, ನಡುವೆ ಖಾಲಿ. ನಿನಗೆ ಇದನ್ನು ಓದುತ್ತಲೇ ರಕ್ತ ಕುದಿಯುತ್ತಿದೆ ಎಂದು ಗೊತ್ತು. ಆ ಉತ್ಸಾಹದಲ್ಲಿ ಉಳಿದ ಐದನ್ನೂ ಕಿತ್ತೆ. ಎರಡು ಒಡೆದವು. ಗೋಡೆಯ ಬದಿಯ ತುಂಡು ಒಂದು ಪುಡಿಪುಡಿ. ಈಗ ಒಲೆಯ ಮುಂದೆ ಹಳ್ಳ. ದಾಟಿಕೊಂಡು ಅಡುಗೆ ಮಾಡುತ್ತಿದ್ದೇನೆ.

ಯಾರಾದರೂ ಬರಲೇಬೇಕು ಎಂದು ನಾನೇನೂ ಹೇಳುತ್ತಿಲ್ಲ.

ಅಕ್ಕ


ಆಗಸ್ಟ್ 16, ಬೆಳಗ್ಗೆ ಒಂಬತ್ತೂವರೆ, ದೋಣಿಕಟ್ಟೆ

ಅಕ್ಕ,

ಇದನ್ನು ದೋಣಿಯವರ ಕೈಯಲ್ಲಿ ಮೇಲೆ ಕಳಿಸುತ್ತಿದ್ದೇನೆ. ನಾನು ಕೆಳಗಿದ್ದೇನೆ. ಹೌದು, ಇಲ್ಲಿ, ಮೊದಲನೇ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ಮೇಡಂ ಗುರುವಾರ ಅಳೆದರು. ಎಂಬತ್ತಾರು. ತೊಂಬತ್ತು ಆಗಲಿಲ್ಲ, ನಾಲ್ಕು ದಿನ ಉಳಿದಿದೆ. ಹೀಗೊಂದು ಜಾಗ ಇದೆ, ನೂರ ನಲವತ್ತೆರಡು ಮೆಟ್ಟಿಲು ಎಂದೆ. ಕೋನಮಾಪಕ ಪಕ್ಕಕ್ಕಿಟ್ಟು, "ಹತ್ತಕ್ಕೊಂದ್ಸಲ ಕೂತ್ಕೊಳ್ಳಿ. ಉಳಿದ ನಾಲ್ಕು ಅಲ್ಲೇ ಸಿಕ್ರೂ ಸಿಗ್ಬಹುದು" ಅಂದರು.

ಉದ್ದಣ್ಣನೂ ಬಂದಿದ್ದಾನೆ. ಟೈಲ್ಸ್ ಪೆಟ್ಟಿಗೆಯ ಎರಡೂ ತುದಿ ಈ ಸಲ ಅವನೇ ಹಿಡಿದಿದ್ದಾನೆ, ನನ್ನನ್ನು ಮುಟ್ಟಗೊಡುತ್ತಿಲ್ಲ. ಕಟರ್, ಮಟ್ಟಗೋಲು, ರಬ್ಬರ್ ಸುತ್ತಿಗೆ ನನ್ನ ಬೆನ್ನಿಗಿವೆ. ಕನ್ನಡಕ ಅವನಿಗೇ ವಾಪಸು ಕೊಟ್ಟೆ. ದೋಣಿಯಲ್ಲಿ ವಾಂತಿ ಬರುತ್ತಿದೆ ಎಂದು ಅದನ್ನು ಹಾಕಿಕೊಂಡು ಬೆಟ್ಟ ನೋಡುತ್ತಾ ಕೂತಿದ್ದ, ಇನ್ನೂ ಹೆಚ್ಚು ವಾಂತಿಯಾಯಿತು.

ನೀನು ಇಳಿದು ಬರಬೇಡ. ಬಂದೆಯೋ, ಇದೇ ದೋಣಿಯಲ್ಲಿ ವಾಪಸು. ಸಾವಿರಾರು ಮೆಟ್ಟಿಲು ಹತ್ತಿದವನು ನಾನು, ಆದರೆ ಇವು ಒಂದೊಂದೂ ಒಂದೊಂದು ಎತ್ತರ, ಮೂರನೆಯದಂತೂ ಮಹಾ ವಾರೆ. ನೋಡಿದರೇ ಭಯ, ನೋಡಿದರೇ ಖುಷಿ.

ಅಂದ ಹಾಗೆ ಇಲ್ಲಿ ಮಳೆ ಬರುತ್ತಿದೆ. ನಂಬಿಕೆಯಿಲ್ಲದಿದ್ದರೆ ನಿನ್ನ ಪುಸ್ತಕ ನೋಡಿಕೋ.

ಚೂಟಿ


ಆಗಸ್ಟ್ 16, ಹತ್ತು ಗಂಟೆ ಹತ್ತು ನಿಮಿಷ, ಮೇಲಿಂದ

ಚೂಟಿ,

ದೋಣಿಯವರು ಕೊಡೆ ಹಿಡಿದು ಕೆಳಗೆ ಬರುತ್ತಿದ್ದಾರೆ, ಅವರ ಕೈಯಲ್ಲೇ ಇದು. ನನ್ನ ಅರ್ಜಿಯೂ ಅವರ ಜೇಬಿನಲ್ಲಿದೆ, ಸಕ್ಕರೆ ಅಂಟಿದೆ. ನಾನು ಇಳಿದಿಲ್ಲ. ಕಿಟಕಿ ಸರಳು ಹಿಡಿದು ನಿಂತಿದ್ದೇನೆ, ಕೈ ಬಿಟ್ಟರೆ ಇಳಿದುಬಿಡುತ್ತೇನೆ. ಚಹಾಕ್ಕೆ ನೀರಿಟ್ಟಿದ್ದೇನೆ, ಹಳ್ಳ ದಾಟಿ. ಮೂರು ಕುರ್ಚಿ ಒರೆಸಿದ್ದೇನೆ. ನಿಧಾನವಾಗಿ ಬಾ, ನಿಂತು ನಿಂತು ಬಾ.

ಕಂಡದ್ದನ್ನು ಮಾತ್ರ ಬರೆಯಬೇಕೆಂಬುದು ನಮ್ಮ ಕೆಲಸದ ನಿಯಮ. ದೊಡ್ಡ ಪುಸ್ತಕದಲ್ಲಿ ಹತ್ತು ಗಂಟೆಯ ಸಾಲು ಹೀಗೆ ಬರೆದಿದ್ದೇನೆ, ಮೇಲಿನವರು ಗದರಿದರೆ ಗದರಲಿ:

ಮಳೆ ಆರು ಮಿಲಿಮೀಟರ್. ಗಾಳಿ ಪಶ್ಚಿಮದಿಂದ, ಹಗುರ. ಗೋಚರತೆ ಚೆನ್ನಾಗಿದೆ. ನಲವತ್ತನೇ ಮೆಟ್ಟಿಲ ಮೇಲೆ ನನ್ನ ತಮ್ಮ.